ಮೈದಾನಕ್ಕೆ ಬೆನ್ನು ಮಾಡಿ ನಿಂತ ಕಾಕಾ

ನಮ್ಮ ಕಾಕಾ ಖಾನಾಪುರದ ಹೈಸ್ಕೂಲ್ ಹುಡುಗರಿಗೆ ಹದಿನಾಲ್ಕು ವರ್ಷ ಫುಟ್‌ಬಾಲ್ ಕಲಿಸಿದ. ಆ ಹದಿನಾಲ್ಕು ವರ್ಷದಲ್ಲಿ ಅವನು ಒಂದೇ ಒಂದು ಪಂದ್ಯವನ್ನೂ ಪೂರ್ತಿ ನೋಡಲಿಲ್ಲ!

ಕಣ್ಣಿನ ದೋಷವೇನಿರಲಿಲ್ಲ. ಬಸ್ ಸ್ಟ್ಯಾಂಡಿನ ಆಚೆ ತುದಿಯಲ್ಲಿ ನಿಂತ ಬಸ್ಸಿನ ಬೋರ್ಡನ್ನು ಈಚೆ ತುದಿಯಿಂದಲೇ ಓದುತ್ತಿದ್ದ. ಪಂದ್ಯದ ದಿನ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದು ಕಲ್ಲು ಆರಿಸುತ್ತಿದ್ದವನೂ ಅವನೇ. ಆದರೆ ರೆಫರಿ ಸೀಟಿ ಊದುವುದೇ ತಡ, ಕಾಕಾ ಗೆರೆಯ ಬಾಜೂಕ್ಕೆ ಬಂದು ಗಿರಕ್ಕನೆ ತಿರುಗಿ, ಮೈದಾನಕ್ಕೆ ಬೆನ್ನು ಮಾಡಿ, ಕೈ ಹಿಂದೆ ಕಟ್ಟಿ, ತಲೆಯನ್ನು ಒಂದಿಷ್ಟು ವಾರೆ ಮಾಡಿಕೊಂಡು ನಿಂತುಬಿಡುತ್ತಿದ್ದ. ಹಿಂದೆ ಗೋಲಾಗಲಿ, ಜಗಳವಾಗಲಿ, ಎಮ್ಮೆಯೇ ನುಗ್ಗಲಿ, ತಿರುಗುತ್ತಿರಲಿಲ್ಲ. ಮೊದಲ ಸಲ ನೋಡಿದ ರೆಫರಿಗಳು ಗಾಬರಿಯಾಗಿ, 'ಇವರಿಗೆ ಏನರೆ ಸಿಟ್ಟು ಬಂದೈತೇನ್ರಿ?' ಎಂದು ನಮ್ಮನ್ನು ಕೇಳುತ್ತಿದ್ದರು. ನಾವು ಏನು ಹೇಳೋಣ? ನಮ್ಮ ಮನೆಯ ಮರ್ಯಾದೆಯ ಪ್ರಶ್ನೆ!

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಊರ ಹೊರಗಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಖಾನಾಪುರದ ಮಣ್ಣು ಹಂಚಿಗೆ ಹೇಳಿ ಮಾಡಿಸಿದ ಮಣ್ಣು. ಭಟ್ಟಿಯಿಂದ ಸುಟ್ಟು ಹೊರಬಂದ ಹಂಚುಗಳನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಸಪ್ಪಳ ಕೇಳಿ ಬೇರ್ಪಡಿಸುವುದು ಅವನ ಕೆಲಸ. 'ಟಣ್' ಎಂದರೆ ಒಂದನೇ ನಂಬರು. ಅದು ಪೇಟೆಯ ಮನೆಗಳಿಗೆ. 'ಟಕ್' ಎಂದರೆ ಎರಡನೇ ನಂಬರು, ಅದು ಹಳ್ಳಿಗೆ. 'ಟಪ್' ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ. ಅದು ಮೂರನೇ ನಂಬರು, ದನದ ಕೊಟ್ಟಿಗೆಗೆ. ನೋಡುವುದಕ್ಕೆ ಮೂರೂ ಒಂದೇ ಥರ ಕೆಂಪಗೆ ಇರುತ್ತವೆ. ಹೀಗಾಗಿ ಕಾಕಾನಿಗೆ ಒಂದು ಸಿದ್ಧಾಂತ ಗಟ್ಟಿಯಾಗಿ ಕೂತುಬಿಟ್ಟಿತ್ತು. 'ಕಣ್ಣು ಸುಳ್ಳ ಹೇಳ್ತಾವು. ಕಿವಿ ಹೇಳಂಗಿಲ್ಲ.'

ಇಷ್ಟಕ್ಕೇ ಬಿಟ್ಟಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಎಪ್ಪತ್ತರ ದಶಕದ ಶುರುವಿನಲ್ಲಿ ಊರ ಹೈಸ್ಕೂಲ್ ಹುಡುಗರನ್ನೆಲ್ಲ ಕೂಡಿಸಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿ, ಆ ಹುಡುಗರನ್ನೂ ಹಂಚಿನ ಹಾಗೆಯೇ ಒಂದನೇ ನಂಬರು, ಎರಡನೇ ನಂಬರು, ಮೂರನೇ ನಂಬರು ಎಂದು ಮೂರು ಟೀಮು ಮಾಡಿಬಿಟ್ಟ!

ಒಂದನೇ ನಂಬರಿನವರಿಗೆ ಕಾಲರ್ ಇದ್ದ ನೀಲಿ ಜರ್ಸಿ, ಆಟ ಮುಗಿದ ಮೇಲೆ ಬಾಳೆಹಣ್ಣು ಮತ್ತು ಶೇಂಗಾ ಉಂಡಿ. ಎರಡನೆಯವರಿಗೆ ಕಾಲರ್ ಇಲ್ಲದ ಜರ್ಸಿ, ಬರೀ ಶೇಂಗಾ. ಮೂರನೆಯವರಿಗೆ ಅವರವರ ಮನೆಯ ಬನಿಯನ್ನು, ನೀರು, ಮತ್ತು ಬೇಕಾದಷ್ಟು ಉಪದೇಶ. ಚೆಂಡು ಕೂಡ ಹಾಗೆಯೇ. ವರ್ಷಕ್ಕೊಂದು ಹೊಸ ತೊಗಲಿನ ಚೆಂಡು ಬೆಳಗಾವಿಯಿಂದ ಬರುತ್ತಿತ್ತು. ಅದು ಒಂದನೆಯವರಿಗೆ. ಅವರು ಒಂದು ವರ್ಷ ಒದ್ದ ಮೇಲೆ ಎರಡನೆಯವರಿಗೆ. ಅವರೂ ಒಂದು ವರ್ಷ ಒದ್ದ ಮೇಲೆ ಅದು ಮೂರನೆಯವರ ಪಾಲು. ಅಷ್ಟರಲ್ಲಿ ಆ ಚೆಂಡಿಗೆ ಒಂದು ಬದಿಗೆ ಹೊಟ್ಟೆ ಬಂದು, ಹೊಲಿಗೆ ಜಗ್ಗಿ, ಒಳ್ಳೇ ಬದನೆಕಾಯಿಯ ಆಕಾರಕ್ಕೆ ಬಂದಿರುತ್ತಿತ್ತು. ನೆಟ್ಟಗೆ ಒದ್ದರೆ ಬಲಕ್ಕೆ ಓಡುತ್ತಿತ್ತು. ನಾವು ಮೂರನೆಯವರು ಬುದ್ಧಿವಂತರು, ಎಡಕ್ಕೆ ಗುರಿಯಿಟ್ಟು ಒದೆಯುವುದನ್ನು ಕಲಿತೆವು. ಎಡಕ್ಕೆ ಒದ್ದರೆ ಸರಿಯಾಗಿ ನಡುವೆ ಹೋಗುತ್ತಿತ್ತು. ನಾನಂತೂ ಆ ವಿದ್ಯೆಯಲ್ಲಿ ಪಂಡಿತ.

ಹೌದು, ನಾನು ಮೂರನೇ ನಂಬರು! ಕ್ಲಬ್ಬಿನ ಯಜಮಾನನ ಸ್ವಂತ ಅಣ್ಣನ ಮಗ!

ಎಂಟನೇ ಇಯತ್ತೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋದಾಗ ನನ್ನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನೀಲಿ ಜರ್ಸಿ ನನ್ನದೇ ಅಂದುಕೊಂಡು ಅವ್ವನ ಮುಂದೆ ಜಂಬವನ್ನೂ ಕೊಚ್ಚಿ ಹೋಗಿದ್ದೆ. ಹುಡುಗರು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಹೆಸರು ಹೇಳಿ ಚೆಂಡು ಒದೆಯಬೇಕು. ಹೊಸಬರಿಗೆ ಮೂರನೆಯವರ ಚೆಂಡೇ ಗತಿ. ಕಾಕಾ ಬೆನ್ನು ಮಾಡಿ ನಿಂತು ಆ ಸಪ್ಪಳ ಕೇಳಿ ನಂಬರು ಹೇಳುತ್ತಾನೆ. ನನ್ನ ಪಾಳಿ ಬಂತು. ಖುಷಿಯಲ್ಲಿ ಹೆಸರು ಹೇಳುವುದನ್ನೂ ಮರೆತು ಇದ್ದ ಶಕ್ತಿಯೆಲ್ಲ ಹಾಕಿ ಒದ್ದೆ.

'ಯಾರಾಂವಾ? ಟಪ್ ಅಂತು.'

'ನಾನ ಕಾಕಾ!'

'ನೀ ಆದ್ರೇನ? ಟಪ್ ಅಂದ್ರ ಟಪ್. ಮೂರನೇ ನಂಬರ್. ಮುಂದಿನಾಂವ ಬಾ.'

ರಕ್ತ ಸಂಬಂಧಕ್ಕೆ ಬೆಲೆಯೇ ಇಲ್ಲವೇ? ನಿನ್ನೆ ರಾತ್ರಿ ತಾನೇ ಇದೇ ಮನುಷ್ಯ ನನ್ನ ತಾಟಿಗೆ ತನ್ನ ಪಾಲಿನ ಹೋಳಿಗೆ ಹಾಕಿದ್ದನಲ್ಲ! ಮನೆಗೆ ಬಂದು ಅತ್ತೆ, ಊಟ ಬಿಟ್ಟೆ. ಅವ್ವ ಹೋಗಿ ಕೇಳಿದ್ದಕ್ಕೆ ಕಾಕಾ, 'ವೈನಿ, ನಾ ಏನ್ ಮಾಡ್ಲಿ? ಅಂವನ ಕಾಲು ಹೇಳಿದ್ದನ್ನ ನಾ ಹೇಳೀನಿ' ಎಂದು ಕೈ ತೊಳೆದುಕೊಂಡ. ಅವತ್ತಿನಿಂದ ನನಗಿದ್ದದ್ದು ಒಂದೇ ಆಸೆ. ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ ಆ ನೀಲಿ ಜರ್ಸಿ ಹಾಕಬೇಕು. ಹೈಸ್ಕೂಲ್ ಬಿಟ್ಟವನಿಗೆ ಕ್ಲಬ್ಬಿನಲ್ಲಿ ಜಾಗವಿರಲಿಲ್ಲ.

ಮೋಸದ ದಾರಿಯನ್ನೂ ನೋಡಿದೆ, ಮುಚ್ಚಿಟ್ಟು ಏನು ಪ್ರಯೋಜನ? ನಮ್ಮ ಊರಿನ ಅತ್ಯುತ್ತಮ ಆಟಗಾರ ಪರಶ್ಯಾ. ಅವನ ಮನೆಯಲ್ಲಿ ಕುರಿ ಇದ್ದವು. ಹುಟ್ಟಿದಾಗಿನಿಂದ ಅವುಗಳ ಹಿಂದೆ ಓಡಿ ಓಡಿ ಅವನ ಕಾಲುಗಳು ಕಬ್ಬಿಣವಾಗಿದ್ದವು. ನಾನು ಅವನ ಗಣಿತ ಬರೆದುಕೊಡುವುದು, ಕಾಕಾನ ಪರೀಕ್ಷೆಯ ದಿನ ಅವನು ನನ್ನ ಬದಲು ಚೆಂಡು ಒದೆಯುವುದು ಎಂದು ಕರಾರಾಯಿತು. ಕಾಕಾ ಹೇಗೂ ತಿರುಗಿ ನೋಡುವುದಿಲ್ಲವಲ್ಲ! ನಾನು ಜೋರಾಗಿ ನನ್ನ ಹೆಸರು ಹೇಳಿದೆ. ಪರಶ್ಯಾ ತಾನು ದಿನಾ ಆಡುವ ಒಂದನೆಯವರ ಚೆಂಡನ್ನೇ ಇಟ್ಟು ಒದ್ದ. 'ಟಣ್!' ಕೇಳಿ ನನಗೇ ಮೈ ಜುಮ್ಮೆಂದಿತು.

ಕಾಕಾ ತಲೆಯನ್ನು ಇನ್ನಷ್ಟು ವಾರೆ ಮಾಡಿದ. ಆಮೇಲೆ ಇತ್ತ ತಿರುಗದೆಯೇ, 'ಹೆಸರ ಹೇಳಾಂವ ಒಬ್ಬ, ಒದ್ಯಾಂವ ಇನ್ನೊಬ್ಬ. ಪರಶ್ಯಾ, ಇಬ್ರೂ ಹತ್ತು ಸುತ್ತು ಓಡ್ರಿ' ಅಂದ.

ದಂಗುಬಡಿದು ನಿಂತೆವು. ಇವನೇನು ಮನುಷ್ಯನೋ, ದೆವ್ವವೋ?

ಪರಶ್ಯಾನ ಗತಿಯೂ ಅಷ್ಟೇ. ಒಮ್ಮೆ ಅವನು ಒಂದೇ ಪಂದ್ಯದಲ್ಲಿ ಮೂರು ಗೋಲು ಹಾಕಿ ಇಡೀ ಊರಿನ ಹೆಗಲ ಮೇಲೆ ಕೂತು ಮೆರವಣಿಗೆ ಬಂದ. ಮುಂದಿನ ಭಾನುವಾರ ಹೋಗಿ ನೋಡಿದರೆ ಬೋರ್ಡಿನ ಮೇಲೆ ಅವನ ಹೆಸರು ಎರಡನೇ ನಂಬರಿನಲ್ಲಿ! ಆ ಬೋರ್ಡು ಸಾಲೆಯವರು ಎಸೆದಿದ್ದ ಒಂದು ಹಳೆಯ ಕರಿಹಲಗೆ. ಪ್ರತಿ ಭಾನುವಾರ ಕಾಕಾ ಅದರ ಮೇಲೆ ಸೀಮೆಸುಣ್ಣದಿಂದ ಯಾರು ಯಾವ ನಂಬರು ಎಂದು ಹೊಸದಾಗಿ ಬರೆಯುತ್ತಿದ್ದ. ತಪ್ಪು ಮಾಡಿದವನು ಒಂದು ಮೆಟ್ಟಿಲು ಕೆಳಗೆ. ಒಂದೇ ಮೆಟ್ಟಿಲು, ಒಮ್ಮೆಲೇ ಎರಡು ಮೆಟ್ಟಿಲು ಇಳಿಸುವುದು ಪಾಪ ಎಂದು ಅವನ ಕಾನೂನು.

'ಮೂರು ಗೋಲ್ ಹೊಡೆದೀನಲ್ರೀ ಕಾಕಾ! ನಂದೇನ್ ತಪ್ಪು?' ಪರಶ್ಯಾ ಅಳುವುದೊಂದು ಬಾಕಿ.

'ಎರಡು ಗೋಲು ಬರೋಬ್ಬರಿ ಇದ್ವು. ಮೂರನೇದರ ಸಪ್ಪಳದಾಗ ಸೊಕ್ಕು ಇತ್ತು.'

ಸೊಕ್ಕಿಗೂ ಸಪ್ಪಳವಿರುತ್ತದೆಯೇ? ನಾವು ಯಾರಿಗೆ ಕೇಳಬೇಕು? ಆದರೆ ಪರಶ್ಯಾ ಆಮೇಲೆ ನನ್ನ ಕಿವಿಯಲ್ಲಿ, 'ಖರೇ ಐತಲೇ. ಅವಾಗ ಆ ಕೀಪರ್‌ನ ಮಾರಿ ನೋಡಿ ನಕ್ಕಿದ್ದೆ' ಅಂದಾಗ ನನಗೆ ಕಾಕಾನ ಬಗ್ಗೆ ಹೆದರಿಕೆಯೇ ಹುಟ್ಟಿತು.

ಇದಕ್ಕಿಂತ ದೊಡ್ಡ ಆಘಾತ ಮಾಮಲೇದಾರ ಕಚೇರಿಯ ಒಬ್ಬ ಸಾಹೇಬರದು. ಅವರ ಮಗ ನನ್ನ ಹಾಗೆಯೇ ಮೂರನೇ ನಂಬರು. ಸಾಹೇಬರು ಒಂದು ಭಾನುವಾರ ಇಸ್ತ್ರಿ ಪ್ಯಾಂಟು, ಹೊಳೆಯುವ ಬೂಟು ಹಾಕಿಕೊಂಡು ಸಿಟ್ಟಿನಿಂದ ಮೈದಾನಕ್ಕೆ ಬಂದರು. 'ನನ್ನ ಮಗಾ ಮೂರನೇದಾಗ ಯಾಕ? ನೀವು ಯಾವ ಆಧಾರದ ಮ್ಯಾಲ ನಿರ್ಣಯ ಮಾಡ್ತೀರಿ? ಬರದ ಕೊಡ್ರಿ!' ಎಂದು ಗುಡುಗಿದರು. ಕಾಕಾ ಅವರ ಮುಂದೆ ಚೆಂಡು ಇಟ್ಟು, 'ಒದೀರಿ ಸಾಹೇಬ್ರ' ಎಂದವನೇ ತಿರುಗಿ ನಿಂತ. ಸಾಹೇಬರು ಅವಮಾನದಿಂದ ಕೆಂಪಾಗಿ, ಆ ಸಿಟ್ಟಿನಲ್ಲೇ ಚೆಂಡನ್ನು ಒದ್ದರು.

ಕಾಕಾ ತಲೆದೂಗಿದ. 'ಸಾಹೇಬ್ರ, ನೀವು ಎರಡನೇ ನಂಬರಿಗೆ ಬರ್ತೀರಿ. ಮಗಾ ಸದ್ಯಕ್ಕ ಮೂರನೇದಾಗ ಇರ್ಲಿ. ಮುಂದಿನ ಐತವಾರ ಆರಕ್ಕ ಬರ್ರಿ, ಚಡ್ಡಿ ಹಾಕ್ಕೊಂಡ ಬರ್ರಿ.'

ಇನ್ನು ಕ್ಲಬ್ಬಿಗೆ ಬೀಗ ಎಂದುಕೊಂಡೆವು. ಮುಂದಿನ ಭಾನುವಾರ ಏನಾಯಿತು ಹೇಳಲೇ? ಸಾಹೇಬರು ಆರಕ್ಕೆ ಐದು ನಿಮಿಷ ಮೊದಲೇ, ಮೊಣಕಾಲು ಮುಟ್ಟುವ ಖಾಕಿ ಚಡ್ಡಿಯಲ್ಲಿ ಬಂದು ಎರಡನೆಯವರ ಸಾಲಿನಲ್ಲಿ ನಿಂತಿದ್ದರು! ಅವರ ಮಗ ಮಾತ್ರ ಆ ಚಡ್ಡಿ ನೋಡಲಾರದೆ ಮರದ ಹಿಂದೆ ಅಡಗಿದ.

ಮನೆಯೊಳಗೂ ನಮಗೆ ನೆಮ್ಮದಿ ಇರಲಿಲ್ಲ. ಊಟಕ್ಕೆ ಕೂತರೆ, ರೊಟ್ಟಿ ಮುರಿಯುವ ಸಪ್ಪಳ ಕೇಳಿ, 'ಇವತ್ತಿನ ರೊಟ್ಟಿ ಎರಡನೇ ನಂಬರ್' ಅನ್ನುತ್ತಿದ್ದ. ಕಾಕೂ, ಅಂದರೆ ಅವನ ಹೆಂಡತಿ, ಒಂದು ವಾರ ಸಹಿಸಿಕೊಂಡಳು. ಎಂಟನೇ ದಿನ ಎಲ್ಲರ ತಾಟಿಗೂ ಬಿಸಿ ಬಿಸಿ ರೊಟ್ಟಿ ಬಡಿಸಿ, ಕಾಕಾನ ಮುಂದೆ ಮೊನ್ನೆಯ ಕಟಕ ರೊಟ್ಟಿ ಇಟ್ಟಳು.

'ಇದೇನ ಇದು?'

'ಮುರೀರಿ. ಟಣ್ ಅಂತೈತಿ. ಒಂದನೇ ನಂಬರ್!'

ಕಾಕಾ ಪೂರ್ತಿ ತಿಂದ. ಹಲ್ಲಿನ ಸಪ್ಪಳ ನಮಗೆಲ್ಲ ಕೇಳಿಸಿತು.

ಆದರೆ ನಮ್ಮ ಅಕ್ಕನಿಗೆ ಗಂಡು ಬಂದ ದಿನ ಅವನು ಮಾಡಿದ್ದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಹಿಂಡಲಗಾದ ಒಳ್ಳೇ ಮನೆತನ. ಹುಡುಗ, ಹುಡುಗನ ಅಪ್ಪ, ನಾಲ್ಕು ಮಂದಿ ಹಿರಿಯರು. ಉಪ್ಪಿಟ್ಟು, ಚಹಾ ಆಗಿ, ಮಾತು ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಕಾಕಾ ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತು, 'ಹುಡುಗ ಒಂದೀಟು ಪಡಸಾಲಿಯೊಳಗ ಅಡ್ಡಾಡ್ಲಿ. ಹೆಜ್ಜಿ ಸಪ್ಪಳ ಕೇಳೂಣು' ಅಂದುಬಿಟ್ಟ! ಅಪ್ಪ ಬಸಿಗೆ ಸುರಿಯುತ್ತಿದ್ದ ಚಹಾ ಧೋತರದ ಮೇಲೆ ಹೋಯಿತು. ಬಾಗಿಲ ಹಿಂದಿನಿಂದ ಅವ್ವ, 'ಅಯ್ಯೋ ಬಸವಣ್ಣ!' ಎಂದದ್ದು ಎಲ್ಲರಿಗೂ ಕೇಳಿಸಿತು. ಪಾಪದ ಹುಡುಗ, ಗಾಬರಿಯಲ್ಲಿ ಎದ್ದು ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆದ.

ಹುಡುಗನ ಅಪ್ಪ ಮೀಸೆ ತಿರುವುತ್ತ ಕೇಳಿದರು. 'ಏನಂತೀರಿ? ಹುಡುಗ ಪಾಸ್ ಏನ್ರಿ?'

'ಎರಡನೇ ನಂಬರ್ ರೀ. ಆದ್ರ ನೀವೇನ್ ಚಿಂತಿ ಮಾಡಬ್ಯಾಡ್ರಿ. ನಮ್ಮ ಹುಡುಗೀನೂ ಏನ್ ಒಂದನೇ ನಂಬರ್ ಅಲ್ಲ.'

ಸಂಬಂಧ ಮುರಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಗ ಹುಡುಗನ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾ, 'ಇಷ್ಟು ಖರೇ ಮಾತಾಡೋ ಬೀಗರು ಎಲ್ಲಿ ಸಿಗ್ತಾರ? ಹಾಕ್ರಿ ಸಕ್ರಿ ಬಾಯಿಗೆ' ಅಂದರು. ಮದುವೆ ಆಯಿತು. ನಮ್ಮ ಭಾವ ಮಾತ್ರ ಇವತ್ತಿಗೂ ನಮ್ಮ ಮನೆಗೆ ಬರುವಾಗ ಹೆಜ್ಜೆಯನ್ನು ಜೋರಾಗಿ ಊರಿ ಊರಿ ಬರುತ್ತಾರೆ.

ಇಂಥ ಮನುಷ್ಯನಿಗೂ ಒಂದು ಆಸೆ ಇತ್ತು. ಬೆಳಗಾವಿಯಲ್ಲಿ ವರ್ಷಕ್ಕೊಮ್ಮೆ ಹೈಸ್ಕೂಲ್ ಹುಡುಗರ ಪಂದ್ಯಾವಳಿ ನಡೆಯುತ್ತಿತ್ತು. ಗೆದ್ದವರಿಗೆ ದೊಡ್ಡದೊಂದು ಢಾಲು. ಕಟ್ಟಿಗೆಯ ಮೇಲೆ ಬೆಳ್ಳಿ ಬಣ್ಣದ ತಗಡು ಹೊಡೆದದ್ದು. ಪ್ರತಿ ವರ್ಷ ನಾವು ಹೋಗುವುದು, ಪ್ರತಿ ವರ್ಷ ಅಲ್ಲಿನ ಕ್ಯಾಂಪ್, ಅಂದರೆ ದಂಡು ಪ್ರದೇಶದ ಹುಡುಗರ ಕೈಯಲ್ಲಿ ಸೋಲುವುದು. ಅವರಿಗೆಲ್ಲ ಹೊಸ ಬೂಟು, ಹಾಲು ಕುಡಿದು ಬೆಳೆದ ಮೈ. ಕಾಕಾ ಆ ಢಾಲಿಗಾಗಿ ನಮ್ಮ ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆದು ಎಂಟು ವರ್ಷವಾಗಿತ್ತು. ಕಾಕೂ ಅದಕ್ಕೆ ಅಕ್ಕಿ ಸೋಸುವ ಜರಡಿ ತೂಗುಹಾಕಿದ್ದಳು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ನಮ್ಮವರು ಮೊದಲ ಸಲ ಫೈನಲ್ ತಲುಪಿದರು. ಎದುರಿಗೆ ಅದೇ ಕ್ಯಾಂಪಿನವರು. ಎರಡನೇ ನಂಬರಿನವರಿಗೆ ಅದೇ ದಿನ ನಂದಗಡದಲ್ಲಿ ಪಂದ್ಯವಿತ್ತು. ಒಂದನೇ ನಂಬರಿನ ಒಬ್ಬ ಹುಡುಗನಿಗೆ ಜ್ವರ ಬಂತು. ಹೆಚ್ಚುವರಿ ಆಟಗಾರರಾಗಿ ಇಬ್ಬರು ಬೇಕು, ಇದ್ದವನು ಒಬ್ಬ. ಹೀಗಾಗಿ ಚೆಂಡಿನ ಚೀಲ ಹೊರುವುದಕ್ಕೆಂದು ಹೊರಟಿದ್ದ ನನ್ನ ಹೆಸರನ್ನೇ ಕಾಗದದಲ್ಲಿ ತುಂಬಿದರು. ಜ್ವರ ಬಂದವನ ನೀಲಿ ಜರ್ಸಿ ನನ್ನ ಚೀಲದಲ್ಲಿ! ಹಾಕಿಕೊಳ್ಳಲು ಮಾತ್ರ ಅಪ್ಪಣೆ ಇರಲಿಲ್ಲ. ಮೈದಾನಕ್ಕೆ ಇಳಿಯುವವನಷ್ಟೇ ಹಾಕಬೇಕು. ರೈಲಿನಲ್ಲಿ ಖಾನಾಪುರದಿಂದ ಬೆಳಗಾವಿಯವರೆಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೈ ಒಳಗೆ ಹಾಕಿ ಆ ಕಾಲರನ್ನು ಸವರುತ್ತಾ ಕೂತಿದ್ದೆ.

ಪಂದ್ಯ ಶುರುವಾಯಿತು. ಕಾಕಾ ಎಂದಿನ ಹಾಗೆ ಬೆನ್ನು ಮಾಡಿ ನಿಂತ. ಬೆಳಗಾವಿಯ ಜನ ಕೈ ತೋರಿಸಿ ನಕ್ಕರು. ಕ್ಯಾಂಪಿನವರು ಒಂದು ಗೋಲು ಹಾಕಿದರು. ಪರಶ್ಯಾ ಅದನ್ನು ತೀರಿಸಿದ, ಸೊಕ್ಕಿಲ್ಲದೆ ತೀರಿಸಿದ. ಒಂದಕ್ಕೆ ಒಂದು. ಪಂದ್ಯ ಸಮವಾದರೆ ಢಾಲು ಆರು ತಿಂಗಳು ಅವರಲ್ಲಿ, ಆರು ತಿಂಗಳು ನಮ್ಮಲ್ಲಿ ಎಂದು ಮೊದಲೇ ಹೇಳಿದ್ದರು. ನಮಗೆ ಅಷ್ಟೇ ಸಾಕಿತ್ತು. ಇನ್ನು ಹತ್ತು ನಿಮಿಷ ಗೋಲು ಬಿಟ್ಟುಕೊಡದಿದ್ದರೆ ಆಯಿತು, ಆ ಮೊಳೆಯಿಂದ ಜರಡಿ ಇಳಿಯುತ್ತದೆ.

ಅಷ್ಟರಲ್ಲಿ ಹಿಂದೆ ಆಡುತ್ತಿದ್ದ ನಮ್ಮ ಹುಡುಗನೊಬ್ಬ ಕಾಲು ಸೆಳೆತ ಬಂದು ಕುಸಿದ. ಬದಲಿ ಆಟಗಾರ ಬೇಕು. ಒಂದನೇ ನಂಬರಿನ ಹೆಚ್ಚುವರಿ ಹುಡುಗ ಆಗಲೇ ಜರ್ಸಿ ಹಾಕಿಕೊಂಡು ಕುಣಿಯುತ್ತ ನಿಂತಿದ್ದ.

ಇಲ್ಲಿ ಒಂದು ಮಾತು. ಮೈದಾನಕ್ಕೆ ಬೆನ್ನು ಮಾಡಿ ನಿಂತವನ ಮುಖ ಯಾವ ಕಡೆ ಇರುತ್ತದೆ? ಹೊರಗೆ ಕೂತವರ ಕಡೆ. ನಮ್ಮ ಕಡೆ. ಅಷ್ಟು ವರ್ಷ ಊರೆಲ್ಲ ಆಡುವವರನ್ನು ನೋಡಿತು, ಕಾಕಾ ಮಾತ್ರ ಆಡದವರನ್ನು ನೋಡುತ್ತ ನಿಂತಿದ್ದ. ಇದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ, ಅವನ ಕಣ್ಣು ನೇರವಾಗಿ ನನ್ನ ಮೇಲೆ ಬಿದ್ದಾಗ. ನಾನು ಚೀಲವನ್ನು ಎದೆಗೆ ಅವುಚಿಕೊಂಡು ಕೂತಿದ್ದೆ. ಮುಖ ಹೇಗಿತ್ತೋ ನನಗೇನು ಗೊತ್ತು?

'ಜರ್ಸಿ ಹಾಕ್ಕೋ' ಅಂದ.

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

'ನಿನಗ ಹೇಳಾಕತ್ತೀನಿ. ಹಾಕ್ಕೋ, ಹೋಗು.'

'ಕಾಕಾರೀ, ಅಂವ ಮೂರನೇ ನಂಬರ್‌ರೀ!' ಮೈದಾನದೊಳಗಿನಿಂದ ಪರಶ್ಯಾ ಚೀರಿದ. ಇಡೀ ಟೀಮು ತಲೆಯ ಮೇಲೆ ಕೈ ಇಟ್ಟುಕೊಂಡಿತು. ನಾನಂತೂ ಜರ್ಸಿಯ ತೋಳಿನಲ್ಲಿ ತಲೆ ತೂರಿಸಲು ಹೋಗಿ ಒದ್ದಾಡಿದೆ. ಕಾಕಾನೇ ಬಂದು ಸರಿಯಾಗಿ ಹಾಕಿ, ಕಾಲರ್ ನೆಟ್ಟಗೆ ಮಾಡಿ ಒಳಗೆ ತಳ್ಳಿದ. ನಾನು ನನ್ನ ಜಾಗಕ್ಕೆ ಹೋಗಿ ತಿರುಗಿ ನೋಡುತ್ತೇನೆ, ಕಾಕಾ ಮೈದಾನದ ಕಡೆ ಮುಖ ಮಾಡಿ ನಿಂತಿದ್ದಾನೆ! ನನ್ನನ್ನೇ ನೋಡುತ್ತಿದ್ದಾನೆ! ನಮ್ಮ ಹುಡುಗರಿಗೆ ಅದನ್ನು ನೋಡಿಯೇ ಆಟ ಮರೆತುಹೋಯಿತು.

ಏಳೆಂಟು ನಿಮಿಷ ಚೆಂಡು ನನ್ನ ಹತ್ತಿರ ಬರಲಿಲ್ಲ, ನನ್ನ ಪುಣ್ಯ. ಆಮೇಲೆ ಬಂತು. ಎದುರಿನ ಹುಡುಗ ಬೆನ್ನ ಹಿಂದೆಯೇ ಓಡಿ ಬರುತ್ತಿದ್ದ. ನಮ್ಮ ಕೀಪರ್ ಗೋಲಿನ ನಡುವೆ ಕೈ ಚಾಚಿ, 'ನನಗ ಕೊಡಲೇ, ನನಗ!' ಎಂದು ಕೂಗುತ್ತಿದ್ದ. ಸುಲಭದ ಕೆಲಸ. ಮೂರು ವರ್ಷ ಮಾಡಿದ ಕೆಲಸ. ಚೆಂಡು ನಡುವೆ ಹೋಗಬೇಕೆಂದರೆ ಎಡಕ್ಕೆ ಒದೆಯಬೇಕು. ಅಳೆದು, ತೂಗಿ, ಎಡಕ್ಕೆ ಒದ್ದೆ.

ಆ ಚೆಂಡು ದುಂಡಗಿತ್ತು!

ದುಂಡಗಿನ ಚೆಂಡು ಎಡಕ್ಕೆ ಒದ್ದರೆ ಎಡಕ್ಕೇ ಹೋಗುತ್ತದೆ ಎಂಬುದು ನನಗೆ ಹೇಗೆ ಗೊತ್ತಿರಬೇಕು? ನಮ್ಮ ಕೀಪರ್ ಬಾಯಿ ತೆರೆದುಕೊಂಡು ನೋಡುತ್ತಿದ್ದ ಹಾಗೆಯೇ ಅದು ಅವನ ಪಕ್ಕದಿಂದ ಹಾದು ನಮ್ಮದೇ ಗೋಲಿನೊಳಗೆ ಹೋಗಿ ಕೂತಿತು. ಸಪ್ಪಳ ಮಾತ್ರ 'ಟಣ್' ಎಂದು ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ. ಕ್ಯಾಂಪಿನವರಿಗೂ ಒಂದು ಗಳಿಗೆ ಕುಣಿಯಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಕುಣಿದರು.

ವಾಪಸ್ ಬರುವ ರೈಲಿನಲ್ಲಿ ಯಾರೂ ನನ್ನ ಹತ್ತಿರ ಕೂರಲಿಲ್ಲ. ಪರಶ್ಯಾ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ. ದೇಸೂರು ದಾಟಿದ ಮೇಲೆ ಕಾಕಾ ಬಂದು ನನ್ನ ಬಾಜೂಕ್ಕೆ ಕೂತ. ನನಗೆ ತಡೆಯಲಾಗಲಿಲ್ಲ.

'ನನ್ನಿಂದ ಸೋತಿವಿ ಕಾಕಾ. ಢಾಲು ನನ್ನಿಂದ ಹೋತು.'

'ಎಂಟು ವರ್ಷದಿಂದ ಸೋಲಾಕತ್ತೀವಿ. ನೀ ಒಳಗ ಇಳಿದದ್ದು ಇವತ್ತ ಒಂದ ದಿನ. ಉಳಿದ ವರ್ಷ ಯಾರಿಂದ ಸೋತಿವಿ? ಅಷ್ಟ ಹೇಳು ನೋಡೂಣು.'

ಅಳುತ್ತಿದ್ದವನಿಗೆ ಬಿಕ್ಕಿನ ನಡುವೆ ನಗು ಬಂತು. ಅವನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಸಹಜವಾಗಿ ಕೇಳಿದ. 'ಆದ್ರ ಕೀಪರ್ ನಡುವ ನಿಂತಿದ್ದ. ನೀ ಎಡಕ್ಕ ಯಾಕ ಒದ್ದಿ?'

'ನಡುವ ಹೋಗ್ಲಿ ಅಂತ, ಕಾಕಾ. ನಮ್ಮ ಮೂರನೇಯವರ ಚೆಂಡು ಬಲಕ್ಕ ಜಗ್ಗತೈತಲ್ಲ? ಎಡಕ್ಕ ಒದ್ರ ಬರೋಬ್ಬರಿ ನಡುವ ಹೋಗತೈತಿ.'

ಕಾಕಾನ ಮುಖದ ಬಣ್ಣ ಇಳಿದುಹೋಯಿತು. ನಮಗೆಲ್ಲ ಗಾಬರಿ ಹಚ್ಚುತ್ತಿದ್ದ ಮನುಷ್ಯ ತಾನೇ ಗಾಬರಿಯಾದದ್ದನ್ನು ನಾನು ಅವತ್ತೇ ನೋಡಿದ್ದು. ಖಾನಾಪುರ ಬರುವವರೆಗೆ ಅವನು ಚೀಲದೊಳಗಿನ ದುಂಡು ಚೆಂಡನ್ನು ತೊಡೆಯ ಮೇಲೆ ತಿರುಗಿಸಿ ತಿರುಗಿಸಿ ನೋಡುತ್ತ ಕೂತ. ಮನೆಗೆ ಬಂದು ಊಟಕ್ಕೂ ಏಳಲಿಲ್ಲ. ಸೋಲಿನ ದುಃಖ ಎಂದುಕೊಂಡಳು ಕಾಕೂ.

ಮುಂದಿನ ಭಾನುವಾರ ನಾನು ಹೋಗುವುದಿಲ್ಲ ಎಂದು ಹೊದ್ದು ಮಲಗಿದೆ. ಅವ್ವ ಚಾದರ ಕಿತ್ತು ಕಳಿಸಿದಳು. ಮೈದಾನದಲ್ಲಿ ಎಲ್ಲರೂ ಬೋರ್ಡಿನ ಮುಂದೆ ಮುಕುರಿದ್ದರು. ನಾನು ಸಂದಿಯಿಂದ ಇಣುಕಿ ಮೂರನೇ ನಂಬರಿನಲ್ಲಿ ನನ್ನ ಹೆಸರು ಹುಡುಕಿದೆ. ಇಲ್ಲ! ಕ್ಲಬ್ಬಿನಿಂದಲೇ ತೆಗೆದುಹಾಕಿದನೇ? ಆಗ ಯಾರೋ ಬೆರಳು ತೋರಿಸಿದರು. ಎರಡನೇ ನಂಬರಿನ ಕೊನೆಯಲ್ಲಿ ನನ್ನ ಹೆಸರಿತ್ತು.

'ಇದ್ಯಾವ ನ್ಯಾಯರೀ ಕಾಕಾ?' ಪರಶ್ಯಾ ಕೇಳಿಯೇಬಿಟ್ಟ. 'ಸೋಲಿಸಿದಾಂವಗ ಮ್ಯಾಲ ಹಾಕೀರಿ?'

'ಫೈನಲ್‌ನ್ಯಾಗ ಅಂವ ಒಂದನೇ ನಂಬರಿನ್ಯಾಗ ಆಡಿದ. ತಪ್ಪು ಮಾಡಿದ. ಒಂದ ಮೆಟ್ಟಲಾ ಇಳಿಸೀನಿ. ಎರಡನೇದಕ್ಕ ಬಂದ. ಲೆಕ್ಕ ತಪ್ಪೇತೇನು?'

ಲೆಕ್ಕ ತಪ್ಪಿರಲಿಲ್ಲ. ಆದರೆ ಹುಡುಗರು ನೋಡುತ್ತಿದ್ದದ್ದು ಅದನ್ನಲ್ಲ. ಮೂರನೇ ನಂಬರಿನ ಪಟ್ಟಿಯಲ್ಲಿ, ಎಲ್ಲರ ಕೆಳಗೆ, ಕಾಕಾನ ಹೆಸರು ಇತ್ತು. ಒಂದನೆಯವರನ್ನು ನೋಡಿಕೊಳ್ಳುವುದು ಪರಶ್ಯಾ, ಎರಡನೆಯವರನ್ನು ಸಾಹೇಬರು ಎಂದು ಬೇರೆ ಬರೆದಿದ್ದ.

'ಕಾಕಾರೀ, ಒಮ್ಮಿಗೇ ಎರಡು ಮೆಟ್ಟಲಾ ಇಳಿಸೂದು ಪಾಪ ಅಂತಿದ್ರಿ?' ಅಂದ ಪರಶ್ಯಾ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

'ನನ್ನ ತಪ್ಪು ಎರಡು ಮೆಟ್ಟಲಾದ್ದ ಐತ್ಲೇ. ಅಂವನ್ನ ಒಳಗ ಕಳಿಸಿದ್ದು ತಪ್ಪಲ್ಲ. ನಾಳಿ ಮತ್ತ ಫೈನಲ್ ಬಂದ್ರ ಮತ್ತ ಅಂವನ್ನ ಕಳಸ್ತೀನಿ. ಮೂರು ವರ್ಷ ಕೈಯಾಗ ಡೊಂಕ ಚೆಂಡ ಕೊಟ್ಟು, ಟಪ್ ಅಂತೈತಿ, ಟಪ್ ಅಂತೈತಿ ಅಂತ ಹುಡುಗನಿಗೆ ಹೆಸರ ಇಟ್ಟೆ. ಚೆಂಡಿನ ಸಪ್ಪಳ ಕೇಳಿ ಕಾಲಿನ ಸಪ್ಪಳ ಅಂದ್ಕೊಂಡೆ.' ಸೀಮೆಸುಣ್ಣದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. 'ನಡೀರಿ, ಹೊತ್ತಾತು.'

ಹೊಸ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಮೈದಾನದ ಮೂಲೆಗೆ, ಮೂರನೆಯವರ ಜಾಗಕ್ಕೆ ನಡೆದ. ನಾನು ಎರಡನೆಯವರ ಸಾಲಿನಲ್ಲಿ ಸಾಹೇಬರ ಖಾಕಿ ಚಡ್ಡಿಯ ಹಿಂದೆ ನಿಂತೆ. ಮೂರು ವರ್ಷ ಆ ಮೂಲೆಯಿಂದ ಹೊರಗೆ ಬರಬೇಕೆಂದು ದೇವರಿಗೆ ಹರಕೆ ಹೊತ್ತವನು ನಾನು. ಬಂದದ್ದೂ ಆಯಿತು. ಅಲ್ಲಿ ಬನಿಯನ್ನಿನ ಸಣ್ಣ ಹುಡುಗರ ನಡುವೆ, ಅವರ ಕಡೆ ಮುಖ ಮಾಡಿ, ಬಗ್ಗಿ ಒಬ್ಬನ ಪಾದವನ್ನು ಕೈಯಿಂದ ಹಿಡಿದು ಚೆಂಡಿನ ಮೇಲೆ ಇಡಿಸುತ್ತಿದ್ದ ಕಾಕಾನನ್ನು ನೋಡಿದೆ. ಸಾಲು ಬಿಟ್ಟು ಅಲ್ಲಿಗೆ ನಡೆದೆ.

'ನೀ ಯಾಕ ಬಂದಿ? ನಿನ್ನ ಹೆಸರು ಅಲ್ಲೈತಿ. ಹೋಗು, ಅಲ್ಲಿ ನಿಲ್ಲು' ಅಂದ ತಲೆ ಎತ್ತದೆ.

'ನೀ ಮೂರನೇ ನಂಬರ್, ನಾ ಎರಡನೇ ನಂಬರ್' ಅಂದೆ. 'ನೀ ನನಗ ಹೇಳಾಕ ಬರಂಗಿಲ್ಲ, ಕಾಕಾ.'

ಕಾಕಾ ತಲೆ ಎತ್ತಿ ನೋಡಿದ. ನಗಲು ಹೋದ, ಆದರೆ ಕಣ್ಣು ತುಂಬಿ ಬಂದು, ಧೋತರದ ಚುಂಗಿನಿಂದ ಒರೆಸಿಕೊಂಡ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಅವನು ಸರಿದು ಜಾಗ ಕೊಟ್ಟ, ನಾನು ಆ ಸಣ್ಣ ಹುಡುಗರ ಸಾಲಿನಲ್ಲಿ ಅವನ ಬಾಜೂಕ್ಕೆ ನಿಂತುಕೊಂಡೆ.